ಹಳೆಯ ಮಾರುತಿಯ ಬಿಡಿಭಾಗಗಳು

ಜಗಳೂರು ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಕಾಲವದು. ಜಪಾನಿನ ಸುಜುಕಿ ಫ್ರಂಟೆಯನ್ನು ಆಧರಿಸಿದ ಮಾರುತಿ 800 ಕಾರು 1983ರ ಡಿಸೆಂಬರಿನಲ್ಲಿ ನಮ್ಮ ದೇಶದ ರಸ್ತೆಗಿಳಿಯಿತು. 1986ರಲ್ಲಿ ಅದರ ಹೊರಮೈ ಬದಲಾಯಿತು. 796 ಸಿಸಿಯ ಮೂರು ಸಿಲಿಂಡರುಗಳ ಎಂಜಿನ್ನಿನ ಮೂಲ ವಿನ್ಯಾಸ ಮಾತ್ರ, 2014ರಲ್ಲಿ ಕಾರಿನ ತಯಾರಿಕೆಯೇ ನಿಲ್ಲುವವರೆಗೂ ಉಳಿದುಬಂದಿತು.

ಆದುದರಿಂದ ಮೊದಲ ಮಾದರಿಯನ್ನು ಜೀರ್ಣೋದ್ಧಾರ ಮಾಡಬಯಸುವವರಿಗೆ ಎಂಜಿನ್ನಿನ ಭಾಗಗಳು ದಾವಣಗೆರೆಯಲ್ಲಿಯೂ ದೊರೆತಾವು. ಬಂಪರ್, ದೀಪ, ಬಾಗಿಲಿನ ಗಾಜುಗಳಿಗಾದರೋ ಬೆಂಗಳೂರಿನ ಜೆ.ಸಿ. ರಸ್ತೆಯನ್ನೂ ಗುಜರಿ ಅಂಗಡಿಗಳನ್ನೂ ಅಲೆಯಬೇಕು. ಮುರಿದ ಭಾಗವನ್ನು ಎಸೆಯಬಾರದು. ಹೊಸದನ್ನು ಮಾಡಿಸಲು ಅದೇ ಅಳತೆ.

ಕಾರ್ಬ್ಯುರೇಟರಿನ ಸದ್ದು ಕೇಳಿಯೇ ದೋಷ ಗುರುತಿಸುವ ಹಿರಿಯ ಮೆಕ್ಯಾನಿಕರು ವಿರಳವಾಗುತ್ತಿದ್ದಾರೆ. ಅವರ ತಿಳಿವಳಿಕೆಯನ್ನು ಈಗಲೇ ಬರೆದಿಟ್ಟುಕೊಳ್ಳದಿದ್ದರೆ, ಮುಂದೆ ಬಿಡಿಭಾಗ ದೊರೆತರೂ ಜೋಡಿಸುವ ಕೈ ದೊರೆಯಲಾರದು.