ಟಚ್‌ಪ್ಯಾಡ್ ಕೆಟ್ಟಿಲ್ಲ, ಸೆಟ್ಟಿಂಗ್ ಬಂದ್ ಅದ!

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ರಂದು. ಹಳೆಯ ಲ್ಯಾಪ್‌ಟಾಪ್ ಬಿಸಾಡಲಾಗದವರಿಗೆ ಉಳಿದ ದಾರಿಗಳಲ್ಲಿ ಪುಕ್ಕಟೆ ಸಿಗುವ ಲಿನಕ್ಸ್ ಒಂದು. ಆದರೆ ಹಾಕಿಸಿದ ಮೊದಲ ದಿನವೇ ಗಾಬರಿ ಆಗುವುದುಂಟು: ಟಚ್‌ಪ್ಯಾಡ್ ಮೇಲೆ ಬೆರಳು ತಟ್ಟಿದರೆ ಏನೂ ತೆರೆಯುವುದಿಲ್ಲ. ಆಳಂದ, ಅಫಜಲಪುರ, ಜೇವರ್ಗಿಯಿಂದ ಕಲಬುರಗಿಯ ರಿಪೇರಿ ಅಂಗಡಿಗೆ ಬಸ್ ಹತ್ತುವ ಮೊದಲು ಇದರ ಹಿಂದಿನ ಕಥೆ ತಿಳಿದುಕೊಳ್ಳೋಣ.

ಇಂಟೆಲ್‌ನ ಮೊದಲ ಮೈಕ್ರೊಪ್ರೊಸೆಸರ್ 4004 ರೂಪಿಸಿದವರಲ್ಲಿ ಒಬ್ಬರಾದ ಫೆಡೆರಿಕೊ ಫಾಜಿನ್, ವಿಜ್ಞಾನಿ ಕಾರ್ವರ್ ಮೀಡ್ ಜೊತೆ ಸೇರಿ 1986ರಲ್ಲಿ ಸಿನಾಪ್ಟಿಕ್ಸ್ ಕಂಪನಿ ಕಟ್ಟಿದರು. ಮುಂದೆ ಟಚ್‌ಪ್ಯಾಡಿಗೆ ಹೆಸರಾದದ್ದು ಇದೇ ಕಂಪನಿ. 1994ರಲ್ಲಿ ಆಪಲ್‌ನ ಪವರ್‌ಬುಕ್ 500 ಬಂದ ಮೇಲೆ ಲ್ಯಾಪ್‌ಟಾಪಿನ ಉರುಳುಗುಂಡಿನ ಜಾಗವನ್ನು ಮೆಲ್ಲಗೆ ಟಚ್‌ಪ್ಯಾಡ್ ಹಿಡಿಯಿತು. ಇದು ಗುರುತಿಸುವುದು ಒತ್ತಡವನ್ನಲ್ಲ, ಬೆರಳು ತಾಗಿದಾಗ ಆಗುವ ವಿದ್ಯುತ್ತಿನ ಸಣ್ಣ ಬದಲಾವಣೆಯನ್ನು. ನಮ್ಮ ಬಿಸಿಲಿನಲ್ಲಿ ಕೈ ಬೆವರಿದಾಗ ಬಾಣದ ಗುರುತು ಎಲ್ಲೆಲ್ಲೋ ಜಿಗಿಯುವುದು ಇದಕ್ಕೇ.

1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಶುರು ಮಾಡಿದ ಲಿನಕ್ಸಿಗೆ ಟಚ್‌ಪ್ಯಾಡ್ ಅಂದರೆ ಮೊದಲಿಗೆ ಬರೀ ಮೌಸ್. 2000ದ ನಂತರದ ವರ್ಷಗಳಲ್ಲಿ ಆಸಕ್ತರೇ ಸೇರಿ ಅದಕ್ಕೆ ಡ್ರೈವರ್ ಬರೆದರು. ಆದರೆ ಸೆಟ್ಟಿಂಗ್ ಬದಲಿಸಲು ಎಕ್ಸ್‌ಆರ್ಗ್ ಎಂಬ ಫೈಲ್ ತೆರೆದು ಕೈಯಿಂದ ಇಂಗ್ಲಿಷಿನಲ್ಲಿ ಸಾಲು ಬರೆಯಬೇಕಿತ್ತು. ಒಂದು ಅಕ್ಷರ ತಪ್ಪಿದರೆ ಡೆಸ್ಕ್‌ಟಾಪೇ ಬರದೆ ಹೋಗಬಹುದಿತ್ತು. ಟೈಪ್ ಮಾಡುವಾಗ ಅಂಗೈ ತಾಗದಂತೆ ತಡೆಯಲು ಸಿನ್‌ಡೀಮನ್ ಎಂಬ ಬೇರೆ ಪ್ರೋಗ್ರಾಂ ನಡೆಸಬೇಕಿತ್ತು. ಪಟ್ಟಣದಲ್ಲಿ ಹೇಳಿಕೊಡುವವರು ಇದ್ದವರಿಗೆ ಸರಿ, ಹಳ್ಳಿಯವರು ಯಾರನ್ನು ಕೇಳಬೇಕು?

ರೆಡ್ ಹ್ಯಾಟ್‌ನ ಪೀಟರ್ ಹಟರರ್ ಮತ್ತು ಜೊತೆಯವರು ಬೆಳೆಸಿದ 'ಲಿಬ್‌ಇನ್‌ಪುಟ್' ಈ ಕಷ್ಟ ತಗ್ಗಿಸಿತು. 2015ರ ಫೆಡೋರಾ 22ರಲ್ಲಿ ಅದೇ ಮುಖ್ಯ ಡ್ರೈವರ್ ಆಯಿತು. ಟೈಪ್ ಮಾಡುವಾಗ ಟಚ್‌ಪ್ಯಾಡ್ ತಾನೇ ಸುಮ್ಮನಾಗುತ್ತದೆ. ಆದರೆ ಬೇರೆ ಬಟನ್ ಇರುವ ಲ್ಯಾಪ್‌ಟಾಪಿನಲ್ಲಿ ಬೆರಳು ತಟ್ಟುವ ಕ್ಲಿಕ್ಕನ್ನು ಬಂದ್ ಇಟ್ಟರು. ಅವರ ವಾದ ಇಷ್ಟು: ತಟ್ಟುವುದು ಗೊತ್ತಿಲ್ಲದವರಿಗೆ ತಾನಾಗಿ ಆಗುವ ಕ್ಲಿಕ್ ಕಾಟ, ಗೊತ್ತಿದ್ದವರು ಹುಡುಕಿ ಆನ್ ಮಾಡಿಕೊಳ್ಳುತ್ತಾರೆ. ಎಲ್ಲಿ ಹುಡುಕಬೇಕೆಂದು ಗೊತ್ತಿಲ್ಲದವರ ಲೆಕ್ಕ ಈ ವಾದದಲ್ಲಿ ಇರಲಿಲ್ಲ ಎನ್ನುವುದು ನಮ್ಮ ಅನಿಸಿಕೆ. 2024ರ ಮಾರ್ಚಿನಲ್ಲಿ ಬಂದ ಗ್ನೋಮ್ 46, ತಟ್ಟುವ ಕ್ಲಿಕ್ಕನ್ನು ಮೊದಲಿನಿಂದಲೇ ಆನ್ ಇಟ್ಟಿತು.

ಹಳೆಯ ಲ್ಯಾಪ್‌ಟಾಪಿಗೆ ಹಾಕುವುದು ಹೆಚ್ಚಾಗಿ ಎಕ್ಸ್‌ಎಫ್‌ಸಿಇಯಂಥ ಹಗುರ ಡೆಸ್ಕ್‌ಟಾಪ್. ಅಲ್ಲಿ ಇದು ಬಂದ್ ಇದ್ದರೆ ಸೆಟ್ಟಿಂಗ್ಸ್ ಒಳಗೆ 'ಮೌಸ್ ಅಂಡ್ ಟಚ್‌ಪ್ಯಾಡ್' ತೆರೆಯಿರಿ. ಮೇಲಿನ ಪಟ್ಟಿಯಲ್ಲಿ ಮೌಸ್ ಅಲ್ಲ, ಟಚ್‌ಪ್ಯಾಡ್ ಆರಿಸಿ. 'ಟ್ಯಾಪ್ ಟಚ್‌ಪ್ಯಾಡ್ ಟು ಕ್ಲಿಕ್' ಮುಂದೆ ಗುರುತು ಹಾಕಿ. 'ಡಿಸೇಬಲ್ ಟಚ್‌ಪ್ಯಾಡ್ ವೈಲ್ ಟೈಪಿಂಗ್' ಕಂಡರೆ ಅದಕ್ಕೂ ಹಾಕಿ. ಆನ್‌ಲೈನ್ ಅರ್ಜಿ ತುಂಬುವಾಗ ಹೆಸರಿನ ಅಕ್ಷರ ಜನ್ಮ ದಿನಾಂಕದ ಖಾನೆಗೆ ಹಾರುವುದು ತಪ್ಪುತ್ತದೆ. ಇಷ್ಟು ಮಾಡಿಯೂ ಟಚ್‌ಪ್ಯಾಡ್ ಅಲುಗದಿದ್ದರೆ ಮಾತ್ರ ಬಸ್ ಹತ್ತಿ.