ದುಬಾರಿ ನಳಿಗೆ ಹಾಕಿಸಿದರೆ ರೈಫಲ್ ಗುರಿ ತಪ್ಪುವುದಿಲ್ಲವೇ?

ಹೀಗೊಂದು ಮಾತನ್ನು ನೀವೂ ಕೇಳಿರಬಹುದು. ಮಗಳ ಶೂಟಿಂಗ್ ತರಬೇತಿಗೆಂದು ಸಾಲ ಮಾಡಲು ಹೊರಟವರಿಗೆ ಇದು ಸಣ್ಣ ವಿಷಯವಲ್ಲ. ಹಾಗಾಗಿ ಪರಿಶೀಲಿಸಿದೆವು.

ನಳಿಗೆ, ಅಂದರೆ ಬ್ಯಾರೆಲ್, ತಯಾರಾಗುವುದು ಉಕ್ಕಿನ ಸರಳಿನಿಂದ. ಅದರ ಉದ್ದಕ್ಕೂ ರಂಧ್ರ ಕೊರೆದು, ಒಳಮೈ ನಯಗೊಳಿಸಿ, ಸುರುಳಿ ಗೀರುಗಳನ್ನು ಮೂಡಿಸುತ್ತಾರೆ. ಗುಂಡು ಬುಗುರಿಯಂತೆ ತಿರುಗುತ್ತಾ ಸ್ಥಿರವಾಗಿ ಸಾಗುವುದು ಈ ಗೀರುಗಳಿಂದಲೇ.

ಒಂದೊಂದೇ ಗೀರನ್ನು ಪುಟ್ಟ ಉಳಿಯಿಂದ ಮತ್ತೆ ಮತ್ತೆ ಕೆರೆಯುವುದು ಹಳೆಯ, ನಿಧಾನದ ಕ್ರಮ. ಗಡಸು ಲೋಹದ 'ಬಟನ್' ಎಳೆದು ಎಲ್ಲ ಗೀರುಗಳನ್ನೂ ಒಮ್ಮೆಗೇ ಒತ್ತುವುದು ಇನ್ನೊಂದು. ಒಳಗೆ ಅಚ್ಚಿಟ್ಟು ಹೊರಗಿನಿಂದ ಯಂತ್ರದ ಸುತ್ತಿಗೆಗಳಿಂದ ಬಡಿಯುವುದು ದೊಡ್ಡ ಕಾರ್ಖಾನೆಗಳ ದಾರಿ. ಮೂರರಲ್ಲೂ ಒಳ್ಳೆಯ ನಳಿಗೆ ಬರುತ್ತದೆ. ಬೆಲೆ ಏರುವುದು ಹೆಚ್ಚಾಗಿ ಒಳಮೈಯನ್ನು ಕೈಯಿಂದ ಉಜ್ಜಿ, ಅಳತೆ ನೋಡಿ ಆರಿಸುವ ಶ್ರಮಕ್ಕೆ.

50 ಮೀಟರ್ ಸ್ಪರ್ಧೆಯಲ್ಲಿ 10 ಅಂಕದ ವೃತ್ತದ ಅಗಲ ಬರೀ 10.4 ಮಿಲಿಮೀಟರ್! ಅಲ್ಲಿ ಕೂದಲೆಳೆಯ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ, ನಿಜ. ಆದರೆ ಆ ಮಟ್ಟದವರೂ ತಮ್ಮ ನಳಿಗೆಗೆ ಒಗ್ಗುವ ಗುಂಡಿನ ಬ್ಯಾಚ್ ಯಾವುದೆಂದು ಪರೀಕ್ಷಿಸಿಯೇ ಕೊಳ್ಳುತ್ತಾರೆ. ಈಗಷ್ಟೇ ಕಲಿಯುವವರ ಕೈ ನಡುಕ ನಳಿಗೆಯ ದೋಷಕ್ಕಿಂತ ಎಷ್ಟೋ ದೊಡ್ಡದು. ಅವರಿಗೆ ಕ್ಲಬ್ಬಿನ ರೈಫಲ್ ಸಾಕು. ಆ ಹಣ ಅಭ್ಯಾಸದ ಗುಂಡುಗಳಿಗಿರಲಿ ಎನ್ನುತ್ತೇವೆ ನಾವು.