ಮಿಥಿಲೆಯ ಕೆರೆಯೂ ಊಟದ ತಟ್ಟೆಯೂ

ಬ್ರಾಹ್ಮಣರೆಂದರೆ ಸಸ್ಯಾಹಾರಿಗಳು ಎಂದು ದಕ್ಷಿಣದ ನಾವು ತೀರ್ಮಾನಿಸಿಬಿಟ್ಟಿದ್ದೇವೆ. ಬಿಹಾರದ ದರ್ಭಂಗಾ, ಮಧುಬನಿಯಿಂದ ನೇಪಾಳದ ಜನಕಪುರದವರೆಗೆ ಹಬ್ಬಿರುವ ಮಿಥಿಲೆಯಲ್ಲಿ ಈ ತೀರ್ಮಾನ ಮೊದಲ ಊಟಕ್ಕೇ ಬಿದ್ದುಹೋಗುತ್ತದೆ. ಮೈಥಿಲ ಬ್ರಾಹ್ಮಣರಿಗೆ ಮೀನು ಮಂಗಳದ ವಸ್ತು. ಸಾಸಿವೆ ಅರೆದು ಮಾಡಿದ ಮೀನಿನ ಸಾರು, ಅನ್ನ, ತಿಲಕೋರ್ ಎಲೆಯನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ ಕರಿದ ತರುವಾ ಬಡಿಸಿದರೆ ಅತಿಥಿಗೆ ಅದೇ ಗೌರವ. ಆದರೆ ಗಂಡ ಸತ್ತ ಹೆಣ್ಣಿಗೆ ಅದೇ ಮನೆಯ ಸಂಪ್ರದಾಯ ಮೀನನ್ನು ನಿಷೇಧಿಸಿತ್ತು. ಆಹಾರದ ಮಡಿ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಇಲ್ಲಿಯೂ ಕಾಣಬಹುದು.

ಈ ಊಟದ ಮೂಲ ನೀರು. ಕೋಸಿ, ಕಮಲಾ, ಬಾಗಮತಿ ನದಿಗಳು ಹಿಮಾಲಯದಿಂದ ಇಳಿದು ಪ್ರತಿವರ್ಷ ನಾಡನ್ನು ತೋಯಿಸುತ್ತವೆ, ಊರೂರಿಗೂ ಕೆರೆಗಳಿವೆ. ನಮಗೂ ಈ ನಾಡಿಗೂ ಹಳೆಯ ನಂಟೊಂದಿದೆ. 1097ರಲ್ಲಿ ಸಿಮ್ರೌನ್‌ಗಢದಲ್ಲಿ ರಾಜ್ಯ ಕಟ್ಟಿದ ನಾನ್ಯದೇವ ಕರ್ಣಾಟ ಮೂಲದವನು. 1324ರ ಸುಮಾರಿಗೆ ಘಿಯಾಸುದ್ದೀನ್ ತುಘಲಕನ ದಂಡಯಾತ್ರೆಯೊಂದಿಗೆ ಆ ವಂಶದ ಆಳ್ವಿಕೆ ಮುಗಿಯಿತು. ಮೈಥಿಲಿಯ ಮೊದಲ ಗದ್ಯಕೃತಿ 'ವರ್ಣರತ್ನಾಕರ'ವನ್ನು ಬರೆದ ಜ್ಯೋತಿರೀಶ್ವರ ಠಾಕುರ್ ಅದರ ಕೊನೆಯ ಅರಸ ಹರಿಸಿಂಹದೇವನ ಆಸ್ಥಾನದಲ್ಲಿದ್ದ. ಆದರೆ ಮಿಥಿಲೆಯ ಅಡುಗೆಮನೆಯಲ್ಲಿ ರಾಗಿಮುದ್ದೆಯ ವಾಸನೆ ಹುಡುಕುವುದು ಬೇಡ. ಅಲ್ಲಿನ ಊಟ ಅಲ್ಲಿನ ನೀರಿನದೇ.

ಅದೇ ಕೆರೆಯ ಇನ್ನೊಂದು ಬೆಳೆ ಮಖಾನಾ. ನಮ್ಮ ಅಂಗಡಿಗಳಲ್ಲಿ ಅದನ್ನು 'ತಾವರೆ ಬೀಜ' ಎಂದು ಮಾರುತ್ತಾರೆ, ಅದು ತಾವರೆಯದಲ್ಲ. ಮೈತುಂಬ ಮುಳ್ಳಿರುವ, ಅಗಲ ಎಲೆಯ ಬೇರೊಂದು ಜಲಸಸ್ಯದ ಬೀಜವದು. ಹಣ್ಣಾದಾಗ ಬೀಜ ಕೆಸರಿಗೆ ಇಳಿಯುತ್ತದೆ. ಮಲ್ಲಾಹ ಎಂಬ ಬೆಸ್ತ ಸಮುದಾಯದವರು ಉಸಿರು ಬಿಗಿಹಿಡಿದು ಮುಳುಗಿ ತಳದ ಕೆಸರನ್ನು ಬಾಚಿ ತರುತ್ತಾರೆ. ಮೈಕೈಗೆ ಮುಳ್ಳು ಚುಚ್ಚುವುದು ಅವರಿಗೆ ದಿನದ ಮಾತು. ಬಳಿಕ ಒಣಗಿಸಿ, ಬಾಣಲೆಯಲ್ಲಿ ಹುರಿದು, ಕೆಲದಿನ ಇಟ್ಟು, ಮತ್ತೆ ಹುರಿದು, ಬಿಸಿಯಿರುವಾಗಲೇ ಮರದ ಕೊಡತಿಯಿಂದ ಬಡಿಯಬೇಕು. ಆಗ ಕಪ್ಪು ಬೀಜ ಒಡೆದು ಬಿಳಿಯ ಅರಳು ಹೊರಬರುತ್ತದೆ.

ಆಶ್ವಯುಜ ಹುಣ್ಣಿಮೆಯ ಕೋಜಾಗರಾ ದಿನ ಹೊಸ ಮದುಮಗನ ಮನೆಗೆ ಹೆಣ್ಣಿನ ಕಡೆಯವರು ಮಖಾನಾ ಕಳುಹಿಸುತ್ತಾರೆ. ಉಪವಾಸದವರೂ ಅದನ್ನೇ ತಿನ್ನುತ್ತಾರೆ. ಕೆಸರಿನಿಂದ ಎತ್ತಿದ ಕೈಗಳನ್ನು ಪಂಕ್ತಿಯಿಂದ ದೂರವಿಟ್ಟ ಸಮಾಜವೇ ಆ ಕೈಗಳ ಬೆಳೆಯನ್ನು ಪವಿತ್ರವೆಂದಿತು.

ದರ್ಭಂಗಾದಲ್ಲಿ 2002ರಲ್ಲಿ ಮಖಾನಾ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. 2022ರಲ್ಲಿ 'ಮಿಥಿಲಾ ಮಖಾನಾ' ಎಂಬ ಹೆಸರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. 2025ರ ಕೇಂದ್ರ ಬಜೆಟ್‌ನಲ್ಲಿ ಬಿಹಾರಕ್ಕೆ ಮಖಾನಾ ಮಂಡಳಿಯನ್ನು ಘೋಷಿಸಲಾಯಿತು. ಒಂದಡಿ ನೀರು ನಿಲ್ಲಿಸಿ ಗದ್ದೆಯಲ್ಲೇ ಬೆಳೆಯುವ ಪದ್ಧತಿಯೂ ಬಂದಿದೆ, ಅಲ್ಲಿ ಮುಳುಗಬೇಕಾಗಿಲ್ಲ. ಗದ್ದೆಯಿಲ್ಲದ ಮಲ್ಲಾಹನಿಗೆ ಮಾತ್ರ ಕೆರೆಯೇ ಗತಿ. ಆ ಕೆರೆಗೂ ಅವನು ಗುತ್ತಿಗೆಯ ಹಣ ತೆರಬೇಕು.